ಒಪೆರಾದಲ್ಲಿ ಉಪ್ಪುನೀರು

ಹೋದ ತಿಂಗಳು ಅಫಜಲಪುರದ ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದೆ. ಎದುರಿನ ಟಿ.ವಿ.ಯಲ್ಲಿ ಯಾವುದೋ ಪರದೇಶದ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡು ಎತ್ತರದ ದನಿಯಲ್ಲಿ ಹಾಡುತ್ತಿದ್ದಳು. ಕ್ಷೌರದವನು ಕತ್ತರಿ ನಿಲ್ಲಿಸಿ, “ಯಾಕ ಹಿಂಗ ಒದರಾಕತ್ತಾಳ್ರಿ ಮಾಸ್ತರ?” ಎಂದ.

“ಸಾಯಾಕತ್ತಾಳ,” ಎಂದೆ.

ಅವನು ನಂಬಲಿಲ್ಲ. ನಾನು ನಂಬಲೇಬೇಕಲ್ಲ? ಹಾಗೆ ಹಾಡುತ್ತ ಸಾಯುವ ಹುಡುಗಿಯೊಬ್ಬಳಿಗೆ ಕನ್ನಡದಲ್ಲಿ ಪದ ಬರೆದುಕೊಟ್ಟ ಪುಣ್ಯಾತ್ಮ ನಾನೇ.

ಎಂಬತ್ತರ ದಶಕದ ಮಾತು. ನಾನಾಗ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ನಮ್ಮೂರಲ್ಲಿ ಒಬ್ಬ ವಕೀಲ ಸಾಹೇಬರಿದ್ದರು. ಆಳಂದ ಕಡೆಯ ದೊಡ್ಡ ಮನೆತನ. ಲಂಡನ್ನಿನಲ್ಲಿ ನಾಲ್ಕು ವರ್ಷ ಓದಿ ಬರುವಾಗ ಕಾನೂನಿಗಿಂತ ಹೆಚ್ಚಾಗಿ ಗ್ರಾಮಫೋನ್ ಪ್ಲೇಟುಗಳನ್ನು ಹೊತ್ತು ತಂದಿದ್ದರು. ಭೀಮಾ ತೀರದ ಜನ ಒಪೆರಾ ಇಲ್ಲದೆ ಬದುಕುತ್ತಿರುವುದು ಅವರಿಗೆ ಬಹಳ ಸಂಕಟ ಕೊಟ್ಟಿತು. ನಮಗೆ ಆ ಸಂಕಟ ಇದೆಯೆಂದು ಅವರು ಹೇಳುವವರೆಗೆ ಗೊತ್ತೇ ಇರಲಿಲ್ಲ.

ಕಥೆ ಅವರೇ ಕಟ್ಟಿದರು. ಒಬ್ಬ ಜಹಗೀರದಾರ, ಅವನ ಮಗಳು ವೈರಿಯ ಮಗನನ್ನು ಪ್ರೀತಿಸುತ್ತಾಳೆ, ಅಪ್ಪ ಮಗಳಿಗೆ ವಿಷ ಕೊಡುತ್ತಾನೆ, ಮಗಳು ಕಾಲು ಗಂಟೆ ಹಾಡಿ ಸಾಯುತ್ತಾಳೆ. ಅಪ್ಪನ ಪಾತ್ರ ಸಾಹೇಬರದೇ. ಮಗಳ ಪಾತ್ರಕ್ಕೆ ಜೇವರ್ಗಿಯಿಂದ ಚಂದ್ರವ್ವನನ್ನು ಕರೆಸಿದರು. ಬಯಲಾಟದಲ್ಲಿ ಹಾಡಿ ಹಾಡಿ ಹೆಸರಾದವಳು, ನಲವತ್ತರ ಆಸುಪಾಸು.

ಮೊದಲ ದಿನದ ತಾಲೀಮಿನಲ್ಲಿ ಸಾಹೇಬರು, “ಒಪೆರಾದಾಗ ಮಾತಿಲ್ಲ. ನೀರು ಬೇಕಂದ್ರೂ ಹಾಡೇ ಕೇಳಬೇಕು,” ಎಂದರು.

“ನಮ್ಮ ಬಯಲಾಟನೂ ಹಂಗೇ ಅಲ್ರಿ?” ಎಂದಳು ಚಂದ್ರವ್ವ. “ರಾಜ ಬಂದ್ರೂ ಹಾಡು, ರಾಣಿ ಅತ್ರೂ ಹಾಡು. ಫರಕ್ ಏನ್ರಿ?”

“ಒಪೆರಾ ನೋಡೋರು ನಡುವ ಬಾಯಿ ಹಾಕಂಗಿಲ್ಲ.”

“ಹಂಗಾದ್ರ ಅವರು ಯಾಕ ಬರ್ತಾರ್ರಿ?”

ಸಾಹೇಬರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಚಂದ್ರವ್ವನ ಮಾತು ನಿಜವೆಂದು ನನಗೆ ಗೊತ್ತಿತ್ತು. ಆದರೆ ಲಂಡನ್ನಿಗೆ ಹೋಗಿ ಬಂದವರು ನಕ್ಕಾಗ ಜೊತೆಗೆ ನಕ್ಕರೆ ನಾನೂ ಅರ್ಧ ದಾರಿ ಹೋಗಿ ಬಂದಂತೆ ಅನಿಸುತ್ತಿತ್ತು. ನಾನು ಬರೆದ ಪದವಾದರೂ ಎಂಥದು! ‘ಹಾ ವಿಧಿಯೇ, ಗರಳವೆನ್ನ ಧಮನಿಯಲಿ ವಿಹರಿಸುತಿಹುದು.’ ಚಂದ್ರವ್ವ ಅದನ್ನು ಎರಡು ಸಲ ಕೇಳಿಸಿಕೊಂಡು, “ಧಮನಿ ಅಂದ್ರ ಯಾವ ಓಣಿರಿ ಮಾಸ್ತರ?” ಎಂದಳು.

ಪದ ತಿದ್ದಲು ನಾನು ದಿನವೂ ಸಂಜೆ ಸಾಹೇಬರ ಮನೆಗೆ ಹೋಗುತ್ತಿದ್ದೆ. ಅಲ್ಲಿ ಅವರ ತಂಗಿ ಸುಮಿತ್ರಾ ಇದ್ದಳು. ಗುಲ್ಬರ್ಗಾದಲ್ಲಿ ಎಂ.ಎ. ಓದುತ್ತಿದ್ದವಳು. ಬೇರೆ ಜಾತಿಯ ಸಹಪಾಠಿಯನ್ನು ಮದುವೆಯಾಗುತ್ತೇನೆಂದಳೆಂದು ಸಾಹೇಬರು ಓದು ಬಿಡಿಸಿ ಮನೆಯಲ್ಲಿ ಕೂಡಿಸಿದ್ದರು. ಇದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಒಂದು ಸಂಜೆ ಆಕೆ ನನ್ನ ಕೈಗೆ ಆ ಸಹಪಾಠಿಯ ವಿಳಾಸ ಬರೆದ ಲಕೋಟೆಯೊಂದನ್ನಿಟ್ಟು, “ಅಂಚೆಗೆ ಹಾಕ್ರಿ ಸರ, ನಿಮ್ಮ ಹೊರತು ಯಾರಿಲ್ಲ ನನಗ,” ಎಂದಳು.

ನಾನು ಅದನ್ನು ಸಾಹೇಬರಿಗೆ ಕೊಟ್ಟೆ.

ಯಾಕೆಂದು ಕೇಳಬೇಡಿ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಮನಿ ಮನಷ್ಯಾ ಅಂದ್ರ ನೀವು,” ಎಂದರು. ಆ ಒಂದು ಮಾತಿಗೆ ನಾನು ಮಾರಿಹೋದೆ.

ಆಟ ನಡೆದದ್ದು ಮಾರ್ಕೆಟ್ ಯಾರ್ಡಿನಲ್ಲಿ, ತೊಗರಿ ಹರಾಜು ಹಾಕುವ ಕಟ್ಟೆಯ ಮೇಲೆ. ಸಂಜೆ ಆರಕ್ಕೇ ಜನ ತುಂಬಿತು. ಬೇಸಿಗೆಯ ಸೆಖೆಯಲ್ಲಿ ಸಾಹೇಬರು ಉಣ್ಣೆಯ ಕೋಟು ತೊಟ್ಟು ಬೆವರಿನಲ್ಲಿ ತೊಯ್ದಿದ್ದರು. ನಾನು ಪುಸ್ತಕ ಹಿಡಿದು ಪಕ್ಕದ ಪರದೆಯ ಹಿಂದೆ ನಿಂತಿದ್ದೆ. ಮಾತು ಮರೆತವರಿಗೆ ಎತ್ತಿಕೊಡುವುದು ನನ್ನ ಕೆಲಸ. ಹಿನ್ನೆಲೆಗೆ ಗ್ರಾಮಫೋನು ಹಾಡಿತು, ಚಂದ್ರವ್ವ ವಿಷ ಕುಡಿದಳು, ವಿಷ ಧಮನಿಯಲ್ಲಿ ವಿಹರಿಸತೊಡಗಿತು. ಐದು ನಿಮಿಷ ಕಳೆಯಿತು. ಮುಂದೆ ಕೂತಿದ್ದ ಗೊಬ್ಬೂರಿನ ಮುದುಕಿಯೊಬ್ಬಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದಳು:

“ನೋಡ್ಕೋತ ಕುಂತೀರೇನ್ರೋ! ಉಪ್ಪುನೀರು ಕುಡಸ್ರಿ, ವಾಂತಿ ಆಗ್ಲಿ ಆ ಪೋರಿಗೆ!”

ಚಂದ್ರವ್ವ ಹಾಡು ನಿಲ್ಲಿಸಿದಳು. ಮೂರು ವಾರ ಬಾಯಿ ಕಟ್ಟಿಸಿಕೊಂಡಿದ್ದ ಹೆಂಗಸು. “ಕುಡಿತೇನಿ ಯವ್ವಾ,” ಎಂದಳು. “ಮೊದಲ ನಮ್ಮಪ್ಪನ್ನ ಒಂದು ಮಾತು ಕೇಳ್ತೇನಿ.” ಸಾಹೇಬರತ್ತ ತಿರುಗಿ, ಬಯಲಾಟದ ತನ್ನ ಧಾಟಿಯಲ್ಲಿ ಎಳೆದು ಹಾಡಿದಳು: “ಯಾಕ ವಿಷ ಕೊಟ್ಟಿ ಅಪ್ಪಾ, ಹೇಳು.”

ಪ್ಲೇಟು ತನ್ನಷ್ಟಕ್ಕೆ ತಿರುಗಿ ಮುಗಿಯಿತು. ಸಾಹೇಬರು ಪರದೆಯ ಕಡೆ ಸರಿದು ಪಿಸುಗುಟ್ಟಿದರು: “ಮಾಸ್ತರ, ಏನ್ ಹೇಳ್ಲಿ?”

ನಾನು ಹಾಳೆ ತಿರುವಿದೆ, ಮತ್ತೆ ತಿರುವಿದೆ. “ಪುಸ್ತಕದಾಗ ಇಲ್ರಿ.”

“ಹೇಳ್ರಿ ಸಾಹೇಬ್ರ!” ಎಂದು ಜನ ಕೂಗಿದರು.

ಕೊನೆಗೆ ಸಾಹೇಬರ ಬಾಯಿಂದ ಬಂದದ್ದು ಇಷ್ಟು: “ಮನೆತನದ ಮರ್ಯಾದಿ ಸಲುವಾಗಿ.”

ಪರದೆಯ ಮಗ್ಗುಲಲ್ಲೇ ಇದ್ದ ಹೆಂಗಸರ ಸಾಲಿನಿಂದ ಒಂದು ನಗು ಕೇಳಿತು. ಮನೆಯ ಹೆಂಗಸರ ಜೊತೆ ಬಂದಿದ್ದ ಸುಮಿತ್ರಾ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಸಾಹೇಬರು ಅಂಟಿಸಿದ ಮೀಸೆ ಕಿತ್ತುಕೊಂಡು ಕಟ್ಟೆಯ ಹಿಂದಿನಿಂದ ಇಳಿದುಹೋದರು. ಯಾರೋ ನಿಜವಾಗಿ ತಂಬಿಗೆಯಲ್ಲಿ ಉಪ್ಪುನೀರು ತಂದರು. ಚಂದ್ರವ್ವ ಎಷ್ಟು ಚೆನ್ನಾಗಿ ವಾಂತಿ ಮಾಡಿದಳೆಂದರೆ ಮುಂದಿನ ಸಾಲಿನವರು ಕಾಲು ಹಿಂದಕ್ಕೆಳೆದುಕೊಂಡರು. ಎಲ್ಲಿಂದಲೋ ಹಾರ್ಮೋನಿಯಂ ಬಂತು. ಜಹಗೀರದಾರನ ಮಗಳು ಬದುಕಿದಳು, ಹಾಡುತ್ತಲೇ ಮನೆ ಬಿಟ್ಟು ಹೋದಳು.

ತಿಂಗಳೊಳಗೆ ಸುಮಿತ್ರಾಳೂ ಹೋದಳು. ಗುಲ್ಬರ್ಗಾದಲ್ಲಿ ಆ ಸಹಪಾಠಿಯೊಡನೆಯೇ ಮದುವೆಯಾಯಿತೆಂದು ಕೇಳಿದೆ. ಸಾಹೇಬರು ಮಾತ್ರ ಇಂಗ್ಲಿಷ್ ಪತ್ರಿಕೆಗೆ ಲೇಖನ ಬರೆದರು: ಸ್ಥಳೀಯ ಸಂಸ್ಕೃತಿಯನ್ನು ಆಳವಾಗಿ ಅಭ್ಯಸಿಸಿ ಒಪೆರಾದ ಅಂತ್ಯವನ್ನು ತಾವು ಬದಲಿಸಿದೆವೆಂದು. ಚಂದ್ರವ್ವನ ಹೆಸರಿರಲಿಲ್ಲ, ‘ಒಬ್ಬ ಗ್ರಾಮೀಣ ಗಾಯಕಿ’ ಎಂದಿತ್ತು. ಅದನ್ನು ಕನ್ನಡಕ್ಕೆ ತಂದವನೂ ನಾನೇ. ಕೆಳಗೆ ಸಣ್ಣಕ್ಷರದಲ್ಲಿ ಬಂದ ನನ್ನ ಹೆಸರನ್ನು ವಾರಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಕ್ಷೌರದಂಗಡಿಯಿಂದ ಬಂದ ಮೇಲೆ ನಿದ್ದೆ ಸರಿಯಾಗಲಿಲ್ಲ. ವಿಳಾಸ ಹುಡುಕಿ ಮೊನ್ನೆ ಕಲಬುರಗಿಗೆ ಹೋದೆ. ಸುಮಿತ್ರಾಬಾಯಿ ಈಗ ನಿವೃತ್ತ ಅಧ್ಯಾಪಕಿ. ಅವರ ಯಜಮಾನರು ಚಹಾ ತಂದಿಟ್ಟು ಒಳಗೆ ಹೋದರು. ಲಕೋಟೆಯ ವಿಷಯ ಹೇಳಿದೆ. ಈ ಸಲ ದೊಡ್ಡ ಪದ ಯಾವುದನ್ನೂ ಹುಡುಕಲಿಲ್ಲ. “ತಪ್ಪಾತ್ರಿ,” ಎಂದೆ.

“ಗೊತ್ತಿತ್ರಿ ಸರ,” ಎಂದರು. “ಅಣ್ಣ ಅದನ್ನ ನನ್ನ ಮುಂದೇ ಹರದ ಹಾಕಿದ್ದ.”

“ಮತ್ತ ಏನೂ ಅನ್ನಲಿಲ್ಲಲ್ರಿ ನೀವು?”

“ಆಟದ ದಿನ ನಕ್ಕಿದ್ನಲ್ರಿ? ಅಣ್ಣನ್ನ ನೋಡಿ ಅಲ್ರಿ ಅದು. ನೀವು ಪರದೆ ಹಿಂದ ಹಾಳಿ ತಿರುವಿ ತಿರುವಿ ಅವಗ ಮಾತು ಹುಡುಕಾಕತ್ತಿದ್ರಿ ನೋಡ್ರಿ, ಅದನ್ನ ನೋಡಿ ನಗಿ ತಡಿಲಿಲ್ಲ.”

ಇಷ್ಟು ವರ್ಷ ಆ ನಗುವನ್ನು ನಾನು ಎಷ್ಟು ಜನರ ಮುಂದೆ ಸಾಹೇಬರ ಲೆಕ್ಕಕ್ಕೆ ಹಾಕಿ ಹೇಳಿದ್ದೆನೋ! ನಾನೂ ನಗಲು ನೋಡಿದೆ, ಆಗಲಿಲ್ಲ. ಅವರು ಕಪ್ಪನ್ನು ನನ್ನ ಕಡೆ ಸರಿಸಿ, “ಕುಡೀರಿ, ಆರಾಕತ್ತದ,” ಎಂದರು.