ನಾನು ತಿದ್ದಿ ಹೇಳಿದ ಉತ್ತರ

“ಈಗ ಎಲ್ಲಿದ್ದೀರಿ ಅಂತ ಅವರನ್ನು ಕೇಳಿ,” ಎಂದು ನರ್ಸ್ ಮರಾಠಿಯಲ್ಲಿ ನನಗೆ ಹೇಳಿದರು. ಮೆದುಳಿನ ರಕ್ತಸ್ರಾವಕ್ಕೆ ಆಪರೇಷನ್ ಆಗಿ ಅಕ್ಕ ಮುಂಬೈ ಹತ್ತಿರದ ಕಲ್ಯಾಣದ ಆಸ್ಪತ್ರೆಯಲ್ಲಿದ್ದಳು. ಅವಳಿಗೆ ಮರಾಠಿ ಬಾರದು. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟು, ಅಲ್ಲೇ ದುಡಿಯುತ್ತ ಮರಾಠಿ ಕಲಿತಿದ್ದ ನಾನೇ ದುಭಾಷಿ.

“ಅವ್ವನ ಮನ್ಯಾಗ ಅದೀನಿ. ನಿನಗ ಕಣ್ಣ ಕಾಣಂಗಿಲ್ಲೇನು?” ಎಂದಳು ಅಕ್ಕ.

ಅವಳನ್ನು ದಡ್ಡಿ ಅಂದುಕೊಂಡಾರೆಂದು ನಾಚಿಕೆಯಾಗಿ, “ಆಸ್ಪತ್ರೆಯಲ್ಲಿ ಅಂತಾಳೆ,” ಎಂದುಬಿಟ್ಟೆ. ನರ್ಸ್ ಸರಿ ಎಂದು ಬರೆದುಕೊಂಡು ಹೋದರು.

ಸಂಜೆ ಅವಳ ಎಡಗೈ ಮೇಲೇಳಲಿಲ್ಲ. ನರಕ್ಕೆ ಔಷಧಿ ಚುಚ್ಚಿ ಸಿಟಿ ಸ್ಕ್ಯಾನ್ ಮಾಡಿದಾಗ ಮೆದುಳಿನ ರಕ್ತನಾಳಗಳು ಕುಗ್ಗಿ ರಕ್ತ ಸಾಲದಾಗಿದ್ದು ಕಂಡಿತು. ಸಂಬಂಧವಿಲ್ಲದ ಮಾತಾಡುವುದು ಅದರ ಮೊದಲ ಸುಳಿವಾಗಿರಬಹುದು, ಹಾಗೇನಾದರೂ ಆಗಿತ್ತೇ ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದೆ.

ಅಕ್ಕ ಉಳಿದಳು, ಎಡಗೈ ಪೂರ್ತಿ ಸ್ವಾಧೀನಕ್ಕೆ ಬರಲಿಲ್ಲ. “ಅಲ್ಲಿ ನನ್ನ ತಮ್ಮನೇ ನನಗ ಬಾಯಿ ಆಗಿದ್ದ,” ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಆಗ ನಾನು ಎದ್ದು ಹೊರಗೆ ಹೋಗುತ್ತೇನೆ.