ಸೋರಿಯಾಸಿಸ್‌ಗೆ ಸೊನ್ನೆ ಅಂಕ

"ಬಾಬಾಯಿ ಗಾರು, ಕಳೆದ ವಾರ ಎಷ್ಟು ದಿನ ಕೆಲಸ ತಪ್ಪಿಸಿದ್ರಿ?"

ಕೇಳಿದ್ದು ವಿಜಯವಾಡದ ಚರ್ಮದ ಆಸ್ಪತ್ರೆಯ ಹುಡುಗಿ. ಕೈಯಲ್ಲಿ ಟ್ಯಾಬ್. (ಬಾಬಾಯಿ ಅಂದ್ರೆ ಚಿಕ್ಕಪ್ಪ. ಮರ್ಯಾದೆಗೇನೂ ಕಮ್ಮಿ ಮಾಡಲಿಲ್ಲ.)

"ಒಂದು ದಿನವೂ ಇಲ್ಲಮ್ಮ" ಅಂದೆ, ಎದೆ ಸೆಟೆಸಿಕೊಂಡೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದುಡಿಮೆಗೆ ಬಿದ್ದವನು ನಾನು. ವಿಶಾಖಪಟ್ಟಣದ ಗಾಜುವಾಕದಲ್ಲಿ ನನ್ನದೇ ಟೈರ್ ಅಂಗಡಿ ಇದೆ. ನನ್ನ ಸೋರಿಯಾಸಿಸ್ ವಾಸಿಯಾಗಲಿ ಅಂತ ಬಂದರಿನ ಲಾರಿಗಳು ಕಾಯ್ತಾವಾ?

ಅವಳು ಸೊನ್ನೆ ಒತ್ತಿದಳು.

"ಆಟ, ಈಜು, ಜಿಮ್‌ಗೆ ತೊಂದರೆ ಆಯ್ತಾ?"

"ನಾನು ಯಾವಾಗಮ್ಮ ಈಜೋಕೆ ಹೋಗಿದ್ದೆ?"

ಅದಕ್ಕೂ ಸೊನ್ನೆ!

ವಿಷಯ ಏನಂದ್ರೆ, ವಿಶಾಖಪಟ್ಟಣದ ನನ್ನ ಡಾಕ್ಟರು "ಇನ್ನು ಮುಲಾಮು ಸಾಲದು, ಇಂಜೆಕ್ಷನ್ನೇ ಆಗಬೇಕು" ಅಂತ ಇಲ್ಲಿಗೆ ಕಳಿಸಿದ್ದರು. ಇಲ್ಲಿ ಅದು ಪುಕ್ಕಟೆ. (ಹೊರಗೆ ಕೊಳ್ಳೋದು ನನ್ನಂಥವನಿಂದ ಆಗದ ಮಾತು.) ಆದರೆ ಮೊದಲು ರೋಗಿಗಳ ರಿಜಿಸ್ಟ್ರಿಗೆ ಸೇರಬೇಕು. ಒಬ್ಬೊಬ್ಬ ಡಾಕ್ಟರು ಒಂದೊಂದು ಥರ ಬರೆದರೆ ಲೆಕ್ಕ ತಾಳೆಯಾಗಲ್ಲ ಅಂತ ಈಗ ಎಲ್ಲ ಆಸ್ಪತ್ರೆಯಲ್ಲೂ ಒಂದೇ ಪ್ರಶ್ನೆ, ಒಂದೇ ಅಂಕ. ಒಳ್ಳೇದೇ. ಟೈರ್ ಸೈಜು ಊರಿಗೊಂದು ಥರ ಆದ್ರೆ ಲಾರಿ ಓಡುತ್ತಾ?

ಇಲ್ಲಿನ ಡಾಕ್ಟರು ನನ್ನ ಬೆನ್ನು ನೋಡಿದರು. ಆಮೇಲೆ ಸ್ಕ್ರೀನ್ ನೋಡಿದರು.

"ಚರ್ಮದ ಅಂಕ ಸಾಕಷ್ಟಿದೆ. ಬದುಕಿಗೆ ಆಗಿರೋ ತೊಂದರೆಯ ಅಂಕ ಸಾಲದು. ಎರಡೂ ಇದ್ದವರಿಗೆ ಮಾತ್ರ ಇಂಜೆಕ್ಷನ್."

ತೊಂದರೆ ಇಲ್ಲವಾ? ನನಗಾ?

ನನ್ನ ಹೆಂಡತಿ ಎದ್ದು ನಿಂತಳು. (ವಿಜಯವಾಡ ಅವಳ ತವರು. ಇಲ್ಲಿ ಧೈರ್ಯ ಜಾಸ್ತಿ.) "ಸಾರ್, ಇವರು ಕೆಲಸಕ್ಕೆ ಹೋಗ್ತಾರೆ, ನಿಜ. ಸಂಜೆ ಬರುವಾಗ ಅಂಗಿ ಬೆನ್ನಿಗೆ ಅಂಟಿರುತ್ತೆ. ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿ ಬಿಡಿಸೋಳು ನಾನು. ಆಗ ಹಲ್ಲು ಕಚ್ಚಿಕೊಂಡು ಕೂತಿರ್ತಾರೆ. ಅದಕ್ಕೆಷ್ಟು ಅಂಕ?"

"ಆ ಪ್ರಶ್ನೆ ಇದರಲ್ಲಿಲ್ಲಮ್ಮ." ಡಾಕ್ಟರು, ಪಾಪ, ಮೆಲ್ಲಗೆ ಹೇಳಿದರು. ಹೊಸ ಮುಲಾಮು ಬರೆದುಕೊಟ್ಟರು.

ವಾಪಸ್ ರೈಲಿನಲ್ಲಿ ಇವಳ ಚುಚ್ಚುಮಾತು: "ಏಮಂಡೀ, ಅಂಗಡಿ ಮುಚ್ಚಿ ಮಲಗಿದ್ದಿದ್ರೆ ಪಾಸಾಗ್ತಿದ್ರಿ!"

"ಮಲಗಿದ್ರೆ ಊಟಕ್ಕೇನೇ ಮಾಡ್ತಿದ್ದೆ?"

ಅವಳು ನಗಲಿಲ್ಲ. ನಾನೂ ನಗಲಿಲ್ಲ. ಆ ಶಾಕ್ ಇನ್ನೂ ಇಳಿದಿಲ್ಲ, ನೋಡಿ. ನೋವು ನುಂಗಿಕೊಂಡು ದುಡಿದಷ್ಟೂ ರೋಗ ಕಮ್ಮಿ ಅಂತ ಲೆಕ್ಕವಂತೆ!

ಎಲ್ಲರಿಗೂ ಒಂದೇ ಪ್ರಶ್ನೆ ಇರಲಿ, ಬೇಡ ಅನ್ನಲ್ಲ. ಆದರೆ ಆ ಪ್ರಶ್ನೆ ಬರೆದವರು, ರಜೆ ಹಾಕಿದ ದಿನವೂ ಸಂಬಳ ಬರುವವರೇ ಅಲ್ವಾ?