ಒದ್ದೆ ನೆಲದ ಮೇಲಿನ ಕೆಮ್ಮಣ್ಣು

ವಿಚಿತ್ರ ಅನುಭವಗಳನ್ನು ಬರೆದು ನಮ್ಮ ಪತ್ರಿಕೆಗೆ ಕಳಿಸುವವರು ಬಹಳ ಮಂದಿ. ತುಮಕೂರಿನ ಕಚೇರಿಯಲ್ಲಿ ಅವನ್ನು ಓದಿ ಪಕ್ಕಕ್ಕಿಡುವವನು ನಾನು. ಒಂದನ್ನೂ ನಂಬಿದವನಲ್ಲ. ಈಗ ನಾನೇ ಒಂದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ.

ಮಗಳಿಗೆ ಆಗ ಏಳು ವರ್ಷ. ಮೊಣಕಾಲಿನ ಕೆಳಗೆ ನೇರಳೆ ಚುಕ್ಕೆಗಳೆದ್ದವು. ಕಣಕಾಲು ಊದಿ, ಹೊಟ್ಟೆನೋವೂ ಬಂತು. ಸಣ್ಣ ರಕ್ತನಾಳಗಳ ಉರಿಯೂತ, ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂದರು ಡಾಕ್ಟರು. ಕೆಲವರಲ್ಲಿ ಮಾತ್ರ ಮೂತ್ರಪಿಂಡಕ್ಕೆ ಹೋಗುತ್ತದೆ. ಚುಕ್ಕೆ ಮಾಯವಾದ ಮೇಲೂ ಕೆಲವು ತಿಂಗಳು ಮೂತ್ರ ಪರೀಕ್ಷೆ ಮಾಡಿಸುತ್ತಿರಬೇಕು ಎಂದೂ ಹೇಳಿದರು.

ನಿಟ್ಟೂರಿನಿಂದ ಬಂದ ನಮ್ಮತ್ತೆ ಮಗುವಿನ ಕಾಲು ನೋಡಿದರು.

"ಸರ್ಪಸುತ್ತು ಇದು, ಇನ್ನೇನಲ್ಲ ಬುಡಿ."

ಅಲ್ಲ ಎಂದೆ.

"ನಿಮ್ ಪೇಪರ್ನಾಗೆ ಬಂದ್ರೇನೆ ನಂಬ್ತೀರೇನೋ."

ಊರಿಗೆ ಕರೆದೊಯ್ದು ಎರಡೂ ಕಾಲಿಗೆ ಕೆಮ್ಮಣ್ಣು ಬಳಿಸಿದರು. ಡಾಕ್ಟರ ಮಾತ್ರೆಯೂ ನಡೆದಿತ್ತು. ಚುಕ್ಕೆಗಳು ಹೋದವು. "ಈಗೇನಂತೀರಿ?" ಎಂದರು ಅತ್ತೆ. ಮೂತ್ರ ಪರೀಕ್ಷೆ ಎರಡು ಸಲ ಮಾಡಿಸಿದೆವು, ಏನೂ ಇರಲಿಲ್ಲ. ಆಮೇಲೆ ಕಾಲಲ್ಲಿ ಚುಕ್ಕೆಯಿಲ್ಲವೆಂದು ಪರೀಕ್ಷೆ ಬಿಟ್ಟೆವು.

ಬೇಸಿಗೆ ರಜೆಗೆ ನಿಟ್ಟೂರಿನಲ್ಲಿದ್ದಾಗ, ಒಂದು ಮಧ್ಯಾಹ್ನ ಮಗಳು ಸ್ನಾನ ಮುಗಿಸಿ ನಡುಮನೆಯ ಬಿಳಿ ಟೈಲ್ಸ್ ಮೇಲೆ ಹಾದುಹೋದಳು. ಹಿಂದೆ ಉಳಿದ ಒದ್ದೆ ಹೆಜ್ಜೆಗಳು ಕೆಮ್ಮಣ್ಣಿನ ಬಣ್ಣದಲ್ಲಿದ್ದವು. ಅವಳನ್ನು ನಿಲ್ಲಿಸಿ ಪಾದ ನೋಡಿದೆ. ಏನೂ ಇರಲಿಲ್ಲ. ಬಚ್ಚಲಲ್ಲೂ ಇರಲಿಲ್ಲ. ಕೆಲಸದ ಅಭ್ಯಾಸ, ಫೋನಿನಲ್ಲಿ ಫೋಟೊ ತೆಗೆದೆ. ನಂತರ ಅತ್ತೆಯನ್ನು ಕರೆದು, ಕೆಮ್ಮಣ್ಣು ಎಲ್ಲಿಂದ ಬಂತೆಂದು ಕೇಳಿದೆ.

"ಕೆಮ್ಮಣ್ಣು ಮನೇಲೆಲ್ಲೈತೆ? ಆವತ್ತೇ ಮುಗೀತಲ್ಲ," ಎನ್ನುತ್ತ ಬಂದವರು ನೆಲ ನೋಡಿದರು. ಬಗ್ಗಿ ಸೆರಗಿನಿಂದ ಒಂದು ಹೆಜ್ಜೆ ಒರೆಸಿದರು. ಸೆರಗು ಕೆಂಪಾಯಿತು.

"ಮಗೀನ ತುಮ್ಕೂರಿಗೆ ಕರ್ಕೊಂಡೋಗಿ," ಎಂದರು. ಸರ್ಪಸುತ್ತಿನ ಮಾತೆತ್ತಲಿಲ್ಲ.

ಮೂತ್ರ ಕಣ್ಣಿಗೆ ತಿಳಿಯಾಗಿಯೇ ಇತ್ತು. ಪರೀಕ್ಷೆಯಲ್ಲಿ ರಕ್ತವೂ ಪ್ರೋಟೀನೂ ಸಿಕ್ಕವು. ಕಾಯಿಲೆ ಮೂತ್ರಪಿಂಡಕ್ಕೆ ಹೋಗಿತ್ತು. "ಇನ್ನೊಂದಷ್ಟು ದಿನ ಬಿಟ್ಟಿದ್ರೆ..." ಎಂದು ಡಾಕ್ಟರು ಹೊಸ ಮಾತ್ರೆಗಳನ್ನು ಬರೆದುಕೊಟ್ಟರು.

ಫೋಟೊದಲ್ಲಿರುವುದು ಬರೀ ನೀರು. ಅತ್ತೆಯ ಸೀರೆ ಒಣಗಿದ ಮೇಲೆ ಅದರಲ್ಲೂ ಕಲೆ ಇರಲಿಲ್ಲ. ಕಂಡವರು ನಾವಿಬ್ಬರೇ. ಇದು ಸುದ್ದಿಯಾಗಿ ನನ್ನ ಮೇಜಿಗೆ ಬಂದಿದ್ದರೆ ವಾಪಸು ಕಳಿಸುತ್ತಿದ್ದೆ.

ಮಗಳು ಈಗಲೂ ಮಾತ್ರೆ ನುಂಗುತ್ತಾಳೆ. ಈಚಿನ ವರದಿ ಪರವಾಗಿಲ್ಲ. ಆದರೂ ನಮ್ಮ ಮರಳೂರಿನ ಮನೆಯಲ್ಲಿ ಅವಳು ಸ್ನಾನ ಮಾಡಿ ಬಂದಾಗಲೆಲ್ಲ ನನ್ನ ಕಣ್ಣು ನೆಲಕ್ಕೆ ಹೋಗುತ್ತದೆ. ಒಮ್ಮೆ ಅವಳು ಅದನ್ನು ಗಮನಿಸಿದಳು.

"ಏನಪ್ಪಾ ನೋಡ್ತಿದೀಯ?"

"ಜಾರ್ತೀಯ ಕಣೇ. ಕಾಲು ಒರೆಸ್ಕೊಂಡು ಬಾ."

ಅಂದಿನಿಂದ ಒರೆಸಿಕೊಂಡೇ ಬರುತ್ತಾಳೆ. ನನಗೆ ನೋಡಲು ಏನೂ ಉಳಿಯುವುದಿಲ್ಲ.